ದಾರಿ ಹಾಕಿದವರ ಹೊಣೆ

ಹಂಪಿಯ ಕಲ್ಲಿನ ತೇರನ್ನು ಈಗ ಮುಟ್ಟುವಂತಿಲ್ಲ. ಕೆಲವು ವರ್ಷಗಳ ಹಿಂದೆ ಪುರಾತತ್ವ ಇಲಾಖೆಯವರು ಅದರ ಸುತ್ತ ತಡೆ ಹಾಕಿದರು. ಅದೇ ವಿಜಯ ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ತಟ್ಟಿ ನಾದ ಕೇಳುವುದಕ್ಕೂ ನಿಷೇಧವಿದೆ. ಮನೆಗೆ ಬಂದ ನೆಂಟರನ್ನೆಲ್ಲ ಹಂಪಿಗೆ ಕರೆದುಕೊಂಡು ಹೋಗುವುದು ಹೊಸಪೇಟೆಯವರಿಗೆ ಒಂದು ಖಾಯಂ ಉದ್ಯೋಗ. ಹಾಗೆ ಹೋದಾಗಲೆಲ್ಲ ನಾನು ಒಂದು ಸಂಗತಿ ಗಮನಿಸುತ್ತೇನೆ. ‘ಮುಟ್ಟಬೇಡಿ’ ಎಂಬ ಫಲಕದ ಎದುರಿಗೇ ಜನ ಕಲ್ಲನ್ನು ಮುಟ್ಟುತ್ತಾರೆ, ಸವರುತ್ತಾರೆ, ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಡೆ ಇರುವ ಕಡೆ ತೆಪ್ಪಗೆ ದೂರ ನಿಲ್ಲುತ್ತಾರೆ. ಫಲಕವನ್ನು ಲೆಕ್ಕಿಸದವನೂ ತಡೆಯ ಈಚೆ ನಿಂತವನೂ ಒಬ್ಬನೇ ಮನುಷ್ಯ. ಐದು ನಿಮಿಷದಲ್ಲಿ ಅವನ ಸ್ವಭಾವವೇನೂ ಬದಲಾಗಿರುವುದಿಲ್ಲ. ಅವನ ಮುಂದಿನ ದಾರಿ ಬದಲಾಗಿರುತ್ತದೆ, ಅಷ್ಟೆ.

ಮನುಷ್ಯನ ನಡತೆಯಲ್ಲಿ ಅವನ ಗುಣದ ಪಾಲೆಷ್ಟು, ಅವನ ಸುತ್ತಲಿನ ಏರ್ಪಾಡಿನ ಪಾಲೆಷ್ಟು ಎಂಬುದು ಹಳೆಯ ಪ್ರಶ್ನೆ. ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ಇದನ್ನು ಹಿಡಿದು ಬಹಳ ದೂರ ಬಂದಿದೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1970ರ ದಶಕದಲ್ಲಿ ಮಾಡಿದ ಪ್ರಯೋಗಗಳು, ಲಾಭ ನಷ್ಟವನ್ನು ತೂಗಿ ನೋಡಿ ನಿರ್ಧರಿಸುವ ಮನುಷ್ಯ ಅರ್ಥಶಾಸ್ತ್ರದ ಪುಸ್ತಕದ ಹೊರಗೆ ಸಿಗುವುದು ಅಪರೂಪ ಎಂದು ತೋರಿಸಿದವು. ನಾವು ಪಕ್ಕದವರನ್ನು ನೋಡಿ ನಡೆಯುತ್ತೇವೆ, ಕೈಯಲ್ಲಿರುವುದನ್ನು ಕಳೆದುಕೊಳ್ಳಲು ವಿಪರೀತ ಹೆದರುತ್ತೇವೆ, ನಾಳೆಯ ದೊಡ್ಡ ಲಾಭಕ್ಕಿಂತ ಇಂದಿನ ಸಣ್ಣ ಸುಖಕ್ಕೆ ಮನಸೋಲುತ್ತೇವೆ. ಕಾನಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದೇ ಹಾದಿಯ ರಿಚರ್ಡ್ ಥೇಲರ್‌ಗೆ 2017ರಲ್ಲಿ ಬಂತು.

ಥೇಲರ್ ಮತ್ತು ಕಾನೂನು ಪ್ರಾಧ್ಯಾಪಕ ಕ್ಯಾಸ್ ಸನ್‌ಸ್ಟೀನ್ ಸೇರಿ 2008ರಲ್ಲಿ ಬರೆದ ಪುಸ್ತಕದ ಹೆಸರು ‘ನಡ್ಜ್’. ಮೊಣಕೈಯಿಂದ ಮೆಲ್ಲಗೆ ತಿವಿಯುವುದು ಎಂದು ಅದರ ಅರ್ಥ. ಮುಖಪುಟದಲ್ಲಿ ಒಂದು ತಾಯಾನೆ ತನ್ನ ಮರಿಯನ್ನು ಸೊಂಡಿಲಿನಿಂದ ಮುಂದಕ್ಕೆ ದೂಡುತ್ತಿರುವ ಚಿತ್ರವಿದೆ. ಗಜಶಾಲೆಯ ನೆರೆಯವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ: ಅಂಕುಶವಿಲ್ಲದೆ ಆನೆ ನಡೆಸುವ ವಿದ್ಯೆ. ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳ ಪಕ್ಕದಲ್ಲಿ ಆಳುವವರಿಗೆ ಸಿಕ್ಕಿದ ಐದನೆಯ ಉಪಾಯ ಇದು. ಬೇಡ ಅನ್ನಬೇಡ, ದುಡ್ಡು ಕೊಡಬೇಡ, ಹೊಡೆಯಬೇಡ. ಬೇಕಾದ ಕಡೆಗೆ ಇಳಿಜಾರು ಮಾಡಿಬಿಡು.

ಬ್ರಿಟನ್ ಸರ್ಕಾರ 2010ರಲ್ಲಿ ಇದಕ್ಕಾಗಿಯೇ ಒಂದು ತಂಡ ಕಟ್ಟಿತು. ನಮ್ಮಲ್ಲಿ 2019ರ ಜುಲೈಯಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಆರ್ಥಿಕ ಸಮೀಕ್ಷೆ, ಸ್ವಚ್ಛ ಭಾರತ ಮತ್ತು ಬೇಟಿ ಬಚಾವೊ ಯೋಜನೆಗಳ ಉದಾಹರಣೆ ಕೊಡುತ್ತಾ, ಒಂದು ಇಡೀ ಅಧ್ಯಾಯವನ್ನು ಈ ವಿಜ್ಞಾನಕ್ಕೆ ಮೀಸಲಿಟ್ಟಿತು. ಅಂದರೆ ಇದು ಈಗ ಪ್ರಯೋಗಶಾಲೆಯ ಮಾತಾಗಿ ಉಳಿದಿಲ್ಲ, ಆಡಳಿತದ ಭಾಷೆಯಾಗಿದೆ. ಹಾಗಾಗಿ ಕೇಳಲೇಬೇಕಾದ ಪ್ರಶ್ನೆ: ಆನೆಯನ್ನು ನಡೆಸುವವನು ಮಾವುತನಾದರೆ, ಮಾವುತನನ್ನು ನಡೆಸುವವರು ಯಾರು?

ಮೊದಲು ಹಂಪಿಯನ್ನೇ ನೋಡೋಣ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಬಂದವರು ಚೂರುಗಳನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಂಗಡಿಗರೊಂದಿಗೆ ಗುರುತು ಮಾಡಿದ ಚೂರುಗಳನ್ನು ದಾರಿಯಲ್ಲಿಟ್ಟು, ಎರಡು ಬಗೆಯ ಫಲಕ ಹಾಕಿ ನೋಡಿದ. ‘ದಯವಿಟ್ಟು ತೆಗೆದುಕೊಂಡು ಹೋಗಬೇಡಿ’ ಎಂಬ ಫಲಕವಿದ್ದಾಗ ಶೇ 2ಕ್ಕಿಂತ ಕಡಿಮೆ ಚೂರು ಕಳುವಾದವು. ‘ಹಿಂದೆ ಬಂದ ಬಹಳ ಜನ ಕದ್ದೊಯ್ದು ಉದ್ಯಾನ ಹಾಳಾಗಿದೆ’ ಎಂಬರ್ಥದ ಫಲಕವಿದ್ದಾಗ ಸುಮಾರು ಶೇ 8 ಕಳುವಾದವು. ಕದಿಯಬಾರದೆಂದು ಮಾಡಿದ ಉಪದೇಶ ‘ಎಲ್ಲರೂ ಕದಿಯುತ್ತಾರೆ’ ಎಂಬ ಸುದ್ದಿಯಾಗಿ ತಲುಪಿತ್ತು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇದು: ಹಂಪಿಯಲ್ಲಿ ಅಂಥ ಫಲಕದ ಅಗತ್ಯವೇ ಇಲ್ಲ. ಹಂಪಿಯೇ ಒಂದು ದೊಡ್ಡ ಫಲಕ. 1565ರಿಂದ ಬಿದ್ದಿರುವ ಕಂಬಗಳು, ಮೂಗು ಹೋದ ಮೂರ್ತಿಗಳು, ನಿಧಿಗಾಗಿ ಅಗೆದ ಗರ್ಭಗುಡಿಗಳು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತವೆ: ಇಲ್ಲಿ ಒಡೆಯುವುದು ವಾಡಿಕೆ. ಸಾವಿರ ಕಂಬ ಬಿದ್ದ ಕಡೆ ಸಾವಿರದ ಒಂದನೆಯದು ಬಿದ್ದರೆ ಏನಾಯಿತು ಎಂದು ಮನಸ್ಸು ತನಗೆ ತಾನೇ ಪರವಾನಗಿ ಕೊಟ್ಟುಕೊಳ್ಳುತ್ತದೆ. 2019ರ ಫೆಬ್ರವರಿಯಲ್ಲಿ ಯುವಕರು ಕಂಬವೊಂದನ್ನು ದೂಡಿ ಬೀಳಿಸುವ ವಿಡಿಯೊ ದೇಶದಲ್ಲೆಲ್ಲ ಹರಿದಾಡಿತಲ್ಲ, ಅದನ್ನು ನೋಡಿದವರಿಗೆ ಎದೆ ಝಲ್ಲೆಂದದ್ದು ಅವರ ಕ್ರೌರ್ಯದಿಂದಲ್ಲ, ಅವರ ಉಡಾಫೆಯಿಂದ. ಮಾವಿನ ಮರಕ್ಕೆ ಕಲ್ಲು ಹೊಡೆದಷ್ಟು ಸಲೀಸಾಗಿ ಆ ಕೆಲಸ ನಡೆದಿತ್ತು.

ಹೊಸಪೇಟೆಯ ನ್ಯಾಯಾಲಯ ಆ ನಾಲ್ವರಿಗೆ ತಲಾ 70 ಸಾವಿರ ರೂಪಾಯಿ ದಂಡ ಹಾಕಿತು. ಜೊತೆಗೆ, ಪುರಾತತ್ವ ಇಲಾಖೆಯವರ ಸಮ್ಮುಖದಲ್ಲಿ, ಬಿದ್ದ ಕಂಬಗಳನ್ನು ಅವರೇ ಮತ್ತೆ ಎತ್ತಿ ನಿಲ್ಲಿಸಬೇಕೆಂದು ಹೇಳಿತು. ಎರಡನೆಯದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು. ಬೀಳಿಸುವುದಕ್ಕೆ ಕ್ಷಣ ಸಾಕು. ನಿಲ್ಲಿಸುವುದಕ್ಕೆ ಎಷ್ಟು ಕೈ, ಎಷ್ಟು ಬೆವರು ಬೇಕು ಎಂಬುದನ್ನು ಮೈಗೆ ತಿಳಿಸಿದ ಶಿಕ್ಷೆ ಅದು. ಬಿದ್ದ ಕಲ್ಲು ಹೇಳುತ್ತಿದ್ದ ಸುಳ್ಳನ್ನು, ಅಂದರೆ ಇಲ್ಲಿ ಎಲ್ಲ ತಾನಾಗಿ ಬೀಳುತ್ತದೆ ಎಂಬುದನ್ನು, ನಿಂತ ಕಲ್ಲು ತಿದ್ದಿತು.

ಆದರೆ ಆ ಕಂಬದ ಸುತ್ತ ಆ ಹೊತ್ತು ಯಾರೂ ಏಕೆ ಇರಲಿಲ್ಲ ಎಂದೂ ಕೇಳಬೇಕು. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಮಂಟಪಗಳಿಗೆ ಗೋಡೆ ಕಟ್ಟಿ, ಮಹಡಿ ಏರಿಸಿ ಹಾಳು ಮಾಡಿದ್ದರು ಎಂಬುದು ನಿಜವೇ. ಆದರೂ ಸ್ಮಾರಕವನ್ನು ಉಳಿಸುವುದೆಂದರೆ ಅದರ ಸುತ್ತಲಿನ ಜನರನ್ನು ದೂರ ಸರಿಸುವುದು ಎಂಬ ನಮ್ಮ ಯೋಚನೆಯಲ್ಲಿ ಏನೋ ಊನವಿದೆ. ಪಾಳು ಬಿದ್ದ ಜಾಗಕ್ಕೆ ಕಾವಲುಗಾರ ಬೇಕಾಗುತ್ತದೆ. ಜನ ಬಾಳುವ ಬೀದಿಗೆ ಅವರ ಬಾಳೇ ಕಾವಲು. ನಡತೆಗೆ ಸನ್ನಿವೇಶ ಕಾರಣವೆಂದು ಒಪ್ಪಿದ ಮೇಲೆ, ಸನ್ನಿವೇಶವನ್ನು ಹೀಗೆ ಏರ್ಪಡಿಸಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನನ್ನ ವಾದದ ಮೊದಲ ಎಳೆ ಇದು.

ಎರಡನೆಯ ಎಳೆ ನೀರಿನದು. ಹಂಪಿಯಿಂದ ಕಂಪ್ಲಿಯ ಕಡೆಗೆ ಹೋಗುವಾಗ ಬಂಡೆಗಳ ಸೀಮೆ ಹಿಂದೆ ಸರಿದು ಬಾಳೆ, ಕಬ್ಬು, ಭತ್ತದ ಹಸಿರು ಬರುತ್ತದೆ. ರಾಯ ಕಾಲುವೆ, ಬಸವ ಕಾಲುವೆ, ತುರ್ತಾ ಕಾಲುವೆ, ಕಂಪ್ಲಿ ಕಾಲುವೆ — ವಿಜಯನಗರದ ಕಾಲದ ಈ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಅವುಗಳ ಮೇಲೆ, 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಉದ್ದುದ್ದ ಹೊಸ ಕಾಲುವೆಗಳು ಸೇರಿಕೊಂಡವು.

ಹೊಸ ಕಾಲುವೆಗಳ ಹಿಂದೆ ಒಂದು ಉದಾತ್ತ ಲೆಕ್ಕವಿತ್ತು. 1876-78ರ ಭೀಕರ ಬರ ಬಳ್ಳಾರಿ ಸೀಮೆಯನ್ನು ಹೇಗೆ ಬಡಿಯಿತೆಂಬ ನೆನಪಿದ್ದವರು, ಕೆಲವರಿಗೆ ತುಂಬ ನೀರು ಕೊಡುವ ಬದಲು ಬಹಳ ಜನರಿಗೆ ಸ್ವಲ್ಪ ಸ್ವಲ್ಪ ಕೊಡಬೇಕೆಂದು ಬಯಸಿದರು. ಅದಕ್ಕಾಗಿ ‘ಲೋಕಲೈಸೇಷನ್’ ಎಂಬ ಪದ್ಧತಿ ಬಂತು. ಯಾವ ಸರ್ವೆ ನಂಬರಿನಲ್ಲಿ ಮುಂಗಾರಿನ ಲಘು ಬೆಳೆ, ಯಾವುದರಲ್ಲಿ ಹಿಂಗಾರಿನದು, ಎಲ್ಲಿ ಮಾತ್ರ ಭತ್ತ, ಎಲ್ಲಿ ಕಬ್ಬು ಎಂದು ಕಾಗದದ ಮೇಲೆ ಗೊತ್ತು ಮಾಡಿದರು. ಆದದ್ದೇ ಬೇರೆ. ಕಾಲುವೆಯ ತಲೆಯ ಕಡೆಯವರು ಜೋಳ, ಹತ್ತಿ ಬೆಳೆಯಬೇಕಾದ ಹೊಲಗಳಲ್ಲಿ ಭತ್ತ ನಾಟಿದರು. ಕೊನೆಯ ಭಾಗದವರು ಒಣಗಿದ ತೂಬಿನ ಮುಂದೆ ನಿಂತರು. ಎಡದಂಡೆ ಕಾಲುವೆಯ ಈ ಕಥೆಯನ್ನು ಪೀಟರ್ ಮೊಲಿಂಗಾ ಎಂಬ ಡಚ್ ವಿದ್ವಾಂಸ ಊರೂರು ತಿರುಗಿ ಅಧ್ಯಯನ ಮಾಡಿ ಪುಸ್ತಕ ಬರೆದಿದ್ದಾನೆ. ನಮ್ಮ ಸೀಮೆಯಲ್ಲಿ ಅದನ್ನು ತಿಳಿಯಲು ಪುಸ್ತಕ ಬೇಕಿಲ್ಲ. ಪ್ರತಿವರ್ಷ ಕೊನೆಯ ಭಾಗದ ರೈತರ ಧರಣಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ.

ಇದನ್ನು ದುರಾಸೆ ಎಂದು ಕರೆದು ಮುಗಿಸಿಬಿಡುವುದು ಸುಲಭ. ಆದರೆ ತಲೆಯ ಕಡೆಯ ರೈತನ ಜಾಗದಲ್ಲಿ ನಿಂತು ನೋಡಿ. ಮುಂದಿನ ವಾರ ನೀರು ಬರುತ್ತದೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಪಕ್ಕದವನು ಭತ್ತ ನಾಟಿದ್ದಾನೆ. ಅವನ ಗದ್ದೆಯ ಬಸಿನೀರು ಇವನ ಜೋಳದ ಬುಡಕ್ಕೆ ಬಂದು ನಿಲ್ಲುತ್ತದೆ. ತಾನು ಬಿಟ್ಟ ನೀರು ಕೊನೆಯವನನ್ನು ಮುಟ್ಟುತ್ತದೆಂಬ ಭರವಸೆಯಿಲ್ಲ, ನಡುವೆ ಇನ್ಯಾರೋ ತಿರುಗಿಸಿಕೊಳ್ಳುತ್ತಾರೆ. ಇಂಥ ಕಡೆ ಕಣ್ಣೆದುರಿನ ನೀರನ್ನು ಇಂದೇ ಹಿಡಿದುಕೊಳ್ಳುವುದು ಮನಸ್ಸಿನ ದೌರ್ಬಲ್ಯವೇನಲ್ಲ. ನಂಬಲು ಏನೂ ಇಲ್ಲದ ಕಡೆ ಅದು ಬುದ್ಧಿವಂತಿಕೆ. ‘ನೀರು ಅಮೂಲ್ಯ, ಮಿತವಾಗಿ ಬಳಸಿ’ ಎಂದು ಗೋಡೆಯ ಮೇಲೆ ಬರೆಸಿದರೆ ಅವನ ನಡತೆ ಬದಲಾಗುವುದಿಲ್ಲ. ಹೇಳಿದ ದಿನ ಹೇಳಿದಷ್ಟು ನೀರು ಹತ್ತು ವರ್ಷ ತಪ್ಪದೆ ಬಂದರೆ ಬದಲಾಗಬಹುದು.

ಬದಲಾದದ್ದೂ ಉಂಟು. ಕೆಳಗಡೆ ಕರ್ನೂಲು ಜಿಲ್ಲೆಯ ಕಾಲುವೆ ಹಳ್ಳಿಗಳನ್ನು ಅಭ್ಯಾಸ ಮಾಡಿದ ರಾಬರ್ಟ್ ವೇಡ್ 1988ರ ತನ್ನ ಪುಸ್ತಕದಲ್ಲಿ ಒಂದು ವಿಶೇಷ ಸಂಗತಿ ದಾಖಲಿಸಿದ್ದಾನೆ. ನೀರು ಸಲೀಸಾಗಿ ಸಿಗುವ ತಲೆಯ ಕಡೆಯ ಹಳ್ಳಿಗಳಿಗಿಂತ, ನೀರಿಗೆ ತತ್ವಾರವಿದ್ದ ಕೊನೆಯ ಕಡೆಯ ಹಳ್ಳಿಗಳಲ್ಲಿ ಜನ ತಾವಾಗಿ ಒಟ್ಟುಗೂಡಿ, ಊರಿನ ನಿಧಿ ಮಾಡಿ, ಎಲ್ಲರ ಹೊಲಕ್ಕೂ ಸರದಿಯಂತೆ ನೀರು ಹಾಯಿಸುವ ಆಳುಗಳನ್ನು ನೇಮಿಸಿಕೊಂಡಿದ್ದರು. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೂ ಇದೇ. ನೀರುಗಂಟಿಯಿದ್ದಾಗ ನನ್ನ ಪಾಲಿನ ನೀರಿಗಾಗಿ ನಾನು ರಾತ್ರಿಯಿಡೀ ಗುದ್ದಲಿ ಹಿಡಿದು ಕೂರಬೇಕಿಲ್ಲ, ಪಕ್ಕದವನನ್ನು ಕಳ್ಳನೆಂದು ಅನುಮಾನಿಸಬೇಕಿಲ್ಲ. ಇಂಥ ಏರ್ಪಾಡುಗಳನ್ನು ಲೋಕದ ಮುಂದಿಟ್ಟ ಎಲಿನರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಲ್ಲಿ ಯಾವ ಸರ್ಕಾರವೂ ಯಾರನ್ನೂ ತಿವಿದಿರಲಿಲ್ಲ. ತಮ್ಮ ದೌರ್ಬಲ್ಯ ತಮಗೆ ಗೊತ್ತಿದ್ದ ಜನ ತಮ್ಮ ದಾರಿಯನ್ನು ತಾವೇ ಹಾಕಿಕೊಂಡಿದ್ದರು. ನಡತೆಯ ವಿಜ್ಞಾನದ ಪಾಠ ನಿಜವಾಗಿ ಯಾರ ಕೈಗೆ ಸಿಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಇದೇ ಸೀಮೆಯ ಕಬ್ಬಿಗೆ ಬರುತ್ತೇನೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಸಂಗಡಿಗರ ಒಂದು ಅಧ್ಯಯನ ಪ್ರಕಟವಾಯಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ, ಕಟಾವಿಗೆ ಮುಂಚೆ ಕೈ ಬರಿದಾದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಒಮ್ಮೆ, ಬುದ್ಧಿಯನ್ನು ಅಳೆಯುವ ಒಗಟುಗಳನ್ನು ಕೊಟ್ಟು ನೋಡಿದರು. ಹಣ ಬಂದ ಮೇಲೆ ಅದೇ ರೈತರು ಹೆಚ್ಚು ಚೆನ್ನಾಗಿ ಬಿಡಿಸಿದರು. ಬಡತನಕ್ಕೆ ದಡ್ಡತನ ಕಾರಣವೆಂದು ಹೇಳುವವರಿಗೆ ಇದು ತಿರುಗೇಟು. ಸಾಲದ ಕಂತು, ಮಗಳ ಫೀಸು, ಅಂಗಡಿಯ ಬಾಕಿ ತಲೆಯಲ್ಲಿ ಕೂತಿರುವಾಗ ಬೇರೆಯದಕ್ಕೆ ತಲೆಯಲ್ಲಿ ಜಾಗವಿರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ರೈತರಿಗೆ ಹಣದ ನಿರ್ವಹಣೆಯ ಶಿಬಿರ ನಡೆಸುವುದು ಒಂದು ದಾರಿ. ಇನ್ನೊಂದು ದಾರಿ 1966ರಿಂದಲೂ ನಿಯಮದಲ್ಲೇ ಇದೆ. ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಬಾಕಿಗಾಗಿ ರೈತರು ಬೀದಿಗಿಳಿಯುವುದು ಕರ್ನಾಟಕಕ್ಕೆ ಹೊಸದಲ್ಲ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಯ ಕಬ್ಬು ದೂರದೂರಿಗೆ ಹೋಗಬೇಕಾಗಿ, ಕಾಯುವುದೂ ಸಾಗಾಟದ ಖರ್ಚೂ ಹೆಚ್ಚಿದವು. ಹದಿನಾಲ್ಕನೆಯ ದಿನ ಬರುವ ಹಣ ರೈತನ ‘ನಡತೆ’ಯನ್ನು ಯಾವ ಶಿಬಿರಕ್ಕಿಂತಲೂ ಚೆನ್ನಾಗಿ ತಿದ್ದುತ್ತದೆ. ಆದರೆ ಆಗ ತಿದ್ದಿಕೊಳ್ಳಬೇಕಾದವರು ಬೇರೆಯವರು. ಹಾಗಾಗಿಯೇ ಶಿಬಿರ ನಡೆಯುತ್ತದೆ.

ನಡ್ಜ್‌ನವರ ಬತ್ತಳಿಕೆಯಲ್ಲಿ ಎಲ್ಲಕ್ಕಿಂತ ಬಲವಾದ ಬಾಣ ‘ಡಿಫಾಲ್ಟ್’. ನೀವು ಏನೂ ಮಾಡದಿದ್ದರೆ ಏನಾಗುತ್ತದೆ ಎಂಬ ನಿಯಮ. ಅಂಗದಾನಕ್ಕೆ ತಾವಾಗಿ ಒಪ್ಪಿಗೆ ಬರೆದುಕೊಡಬೇಕಾಗಿದ್ದ ಜರ್ಮನಿಯಲ್ಲಿ ಒಪ್ಪಿದವರು ಶೇ 12. ಬೇಡವೆಂದು ಬರೆದುಕೊಡದವರೆಲ್ಲ ಒಪ್ಪಿದಂತೆ ಎಂದಿದ್ದ ಆಸ್ಟ್ರಿಯಾದಲ್ಲಿ ಶೇ 99ಕ್ಕೂ ಹೆಚ್ಚು. 2003ರಲ್ಲಿ ಪ್ರಕಟವಾದ ಈ ಹೋಲಿಕೆ ಈಗ ಪಠ್ಯಪುಸ್ತಕದ ಉದಾಹರಣೆಯಾಗಿದೆ. ನಮ್ಮ ರೈತನಿಗೂ ಇಂಥದ್ದೊಂದು ನಿಯಮವಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಳೆಸಾಲ ಪಡೆದವರಿಗೆ ವಿಮೆ ಮೊದಲು ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಐಚ್ಛಿಕವಾಯಿತು. ಆದರೆ ಬೇಡ ಎನ್ನುವ ಸಾಲಗಾರ ರೈತ, ಗಡುವಿಗೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಕಂತು ಕಡಿತವಾಗುತ್ತದೆ: ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5.

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ನಾವು ಮದುವೆಯ ಮಾತುಕತೆಯಲ್ಲಿ ಕೇಳಿ ಬೆಳೆದವರು. ಆ ಮೌನ ಯಾವಾಗಲೂ ಸಮ್ಮತಿಯಾಗಿರಲಿಲ್ಲ ಎಂಬುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಬೆಳೆವಿಮೆ ಒಳ್ಳೆಯದೇ, ಮಳೆ ಕೈಕೊಟ್ಟ ವರ್ಷ ಅದು ಮನೆ ಉಳಿಸಬಲ್ಲದು. ನನ್ನ ತಕರಾರು ವಿಮೆಯ ಬಗ್ಗೆ ಇಲ್ಲ. ತನ್ನ ಹೆಸರಿನಲ್ಲಿ ಹೀಗೊಂದು ಆಯ್ಕೆ ಆಗಿದೆ ಎಂಬುದೇ ಗೊತ್ತಿಲ್ಲದವನ ಮೌನವನ್ನು ಆಯ್ಕೆ ಎನ್ನಬಹುದೇ? ಅದೂ, ಕಟಾವಿಗೆ ಮುಂಚೆ ತಲೆಯಲ್ಲಿ ಜಾಗವಿರುವುದಿಲ್ಲ ಎಂದು ಇದೇ ವಿಜ್ಞಾನ ತೋರಿಸಿಕೊಟ್ಟ ಮೇಲೆ? ಒಬ್ಬರ ದೌರ್ಬಲ್ಯ ನಮಗೆ ತಿಳಿದಿದೆ ಎಂಬುದು ಅದನ್ನು ಬಳಸಿಕೊಳ್ಳುವ ಹಕ್ಕಾಗುವುದಿಲ್ಲ. ನಾವು ಮಾಡಿದ ಏರ್ಪಾಡನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಹೊಣೆಯಾಗುತ್ತದೆ.

ಈ ವಿದ್ಯೆಯ ಅಳತೆಯನ್ನೂ ಮರೆಯಬಾರದು. 2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಅಮೆರಿಕದ ಎರಡು ದೊಡ್ಡ ನಡ್ಜ್ ತಂಡಗಳ 126 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ವಿದ್ವತ್ ಪತ್ರಿಕೆಗಳಲ್ಲಿ ಬಂದ ಪ್ರಯೋಗಗಳಲ್ಲಿ ಜನರ ನಡತೆ ಸರಾಸರಿ 8.7 ಶೇಕಡಾ ಅಂಶದಷ್ಟು ಬದಲಾಗಿದ್ದರೆ, ಈ ತಂಡಗಳ ಕೆಲಸದಲ್ಲಿ ಬದಲಾದದ್ದು 1.4 ಶೇಕಡಾ ಅಂಶ. ಇದೂ ದಂಡವೇನಲ್ಲ, ಕಡಿಮೆ ಖರ್ಚಿನಲ್ಲಿ ಆಗುವ ಕೆಲಸ. ಆದರೆ ಕಾಲುವೆಗೆ ನೀರು, ಕಬ್ಬಿಗೆ ಹಣ, ಶೌಚಾಲಯಕ್ಕೆ ನಲ್ಲಿ ಇವುಗಳ ಬದಲಿಗೆ ತಿವಿತ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬಯಲಿಗೆ ಹೋಗುವವರ ಹಿಂದೆ ಮುಂಜಾನೆ ಸೀಟಿ ಊದಿಕೊಂಡು ಹೋದ ಅಭಿಯಾನಗಳನ್ನು ನಾವು ದೇಶದ ಹಲವು ಕಡೆ ಕಂಡಿದ್ದೇವೆ. ಎರಡು ಕೊಡ ನೀರಿಗೆ ಮೈಲು ನಡೆಯುವ ಹೆಂಗಸಿಗೆ ನಾಚಿಕೆಯ ಪಾಠ ಹೇಳುವುದು ಸುಲಭ. ನಲ್ಲಿ ಹಾಕದವರ ಹಿಂದೆ ಯಾರೂ ಸೀಟಿ ಊದಲಿಲ್ಲ.

ಈ ಮಾತು ನಮ್ಮನ್ನು ಸಂಡೂರಿಗೆ ಕರೆದೊಯ್ಯುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಇಲ್ಲಿ ನಡೆದದ್ದನ್ನು ಹೇಳುವಾಗ ನಾವು ದೊಡ್ಡ ಹೆಸರುಗಳನ್ನೇ ಹೇಳುತ್ತೇವೆ. ಆದರೆ ಹೊಲ ಅಗೆದು ಮೇಲ್ಮಣ್ಣಿನ ಅದಿರು ಮಾರಿದವರು, ಸಾಲ ಮಾಡಿ ಲಾರಿ ಕೊಂಡವರು, ಕೆಂಪು ಧೂಳು ಕೂತ ಜೋಳವನ್ನು ಒರೆಸಿಕೊಂಡು ಸುಮ್ಮನಿದ್ದವರು ಸಾವಿರಾರು ಜನ. ಪಕ್ಕದವನು ಲಾರಿ ಕೊಂಡಾಗ ನಾನೂ ಕೊಂಡೆ ಎಂಬುದರಲ್ಲಿ ಅರಿಜೋನಾದ ಫಲಕದ ಮನಶ್ಶಾಸ್ತ್ರವೇ ಇದೆ. ಕಾಯಬೇಕಾದವರ ಕಥೆಯಂತೂ ಬೇಲಿಯೇ ಎದ್ದು ಹೊಲ ಮೇಯ್ದಂತೆ. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಬಂದ ಏರ್ಪಾಡು ಯಾರ ಒಳ್ಳೆಯತನವನ್ನೂ ನೆಚ್ಚಿಕೊಂಡಿರಲಿಲ್ಲ. ಗಣಿಗಳನ್ನು ಅಪರಾಧದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲೇ ಮಾರಬೇಕೆಂದು ಮಾಡಿದರು. ನನಗೆ ತಿಳಿದಂತೆ ಈ ಸೀಮೆಯಲ್ಲಿ ಬಲಾಢ್ಯರ ನಡತೆಯನ್ನು ತಿದ್ದಿದ ಅತಿ ದೊಡ್ಡ ಸನ್ನಿವೇಶ-ಬದಲಾವಣೆ ಇದು. ಆದರೆ ನಡತೆಯ ವಿಜ್ಞಾನದ ಉದಾಹರಣೆಗಳ ಪಟ್ಟಿಯಲ್ಲಿ ಇಂಥದ್ದನ್ನು ಯಾರೂ ಸೇರಿಸುವುದಿಲ್ಲ. ಪಟ್ಟಿಯಲ್ಲಿ ಯಾವಾಗಲೂ ಬಡವನ ಅಭ್ಯಾಸಗಳೇ ಇರುತ್ತವೆ.

ಬಲಾಢ್ಯರ ಲೋಕಕ್ಕೂ ಮನಶ್ಶಾಸ್ತ್ರ ಅನ್ವಯಿಸುತ್ತದೆ. ಒಮ್ಮೆ ಒಂದು ಸಂಖ್ಯೆ ಕಿವಿಗೆ ಬಿದ್ದರೆ ಮುಂದಿನ ಯೋಚನೆಯೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಇದನ್ನು ಲಂಗರು ಎನ್ನುತ್ತಾರೆ. ಕೋರ್ಟು 2013ರಲ್ಲಿ ಬಳ್ಳಾರಿಯ ಗಣಿಗಳಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. 2017ರಲ್ಲಿ ಅದು 2.8 ಕೋಟಿಯಾಯಿತು, 2022ರಲ್ಲಿ 3.5 ಕೋಟಿ. ಪ್ರತಿಸಲದ ಏರಿಕೆಗೂ ಅದರದೇ ಕಾರಣಗಳು, ವಾದಗಳು ಇದ್ದವು. ಆದರೆ ಹೊರಗೆ ನಿಂತು ಕೇಳುವ ನನಗೆ, ಚರ್ಚೆ ಹಿಂದಿನ ಸಂಖ್ಯೆಗೆ ಎಷ್ಟು ಸೇರಿಸೋಣ ಎಂದು ನಡೆಯುತ್ತಿರುವಂತೆ ಕೇಳಿಸಿತು. ಬೆಟ್ಟ ಎಷ್ಟು ತಾಳೀತು, ನಾರಿಹಳ್ಳದ ನೀರು ಎಷ್ಟು ತಾಳೀತು ಎಂಬ ಮಾತು ಲಂಗರಿನ ಹಗ್ಗದಾಚೆಗೇ ಉಳಿಯಿತು.

ಕಚೇರಿಗಳೂ ಮನುಷ್ಯರಿಂದಲೇ ಆದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಟ್ಟುಬಿಡಬೇಕಾಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಹಲಗೆ ಇಳಿಸಿದವರ ಸಾಹಸವನ್ನು ನಾವೆಲ್ಲ ಕೊಂಡಾಡಿದೆವು, ಕೊಂಡಾಡಬೇಕಾದ್ದೇ. ಆದರೆ ತುಂಡಾಗದ ಸರಪಳಿಗೆ ಯಾರೂ ಹಾರ ಹಾಕುವುದಿಲ್ಲ. ಎಪ್ಪತ್ತು ವರ್ಷ ಹಳೆಯ ಸರಪಳಿಯನ್ನು ಬದಲಿಸುವ ಖರ್ಚು ಇಂದಿನದು, ಅದರ ಫಲ ಕಣ್ಣಿಗೆ ಬೀಳದ್ದು. ನಾಳೆ ನೋಡೋಣ ಎನ್ನುವ ಮನಸ್ಸು ಸಾಲ ತೀರಿಸಲಾರದ ರೈತನದು ಮಾತ್ರವೆಂದು ತಿಳಿದವರು ಒಮ್ಮೆ ಸರ್ಕಾರಿ ಕಡತಗಳ ಕೋಣೆಯಲ್ಲಿ ಕೂತು ಬರಬೇಕು.

ಇಷ್ಟೆಲ್ಲ ಕೇಳಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಎತ್ತಬಹುದು, ಎತ್ತಬೇಕು. ಎಲ್ಲದಕ್ಕೂ ಸನ್ನಿವೇಶವೇ ಕಾರಣವಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲವೇ? ಕಂಬ ದೂಡಿದ ಹುಡುಗರೂ ‘ಹಾಳು ಊರು ನಮ್ಮನ್ನು ಹೀಗೆ ಮಾಡಿಸಿತು’ ಎನ್ನಬಹುದಲ್ಲ? ನನ್ನ ಉತ್ತರ: ಕಾರಣ ಹೇಳುವುದು ಬೇರೆ, ಬಿಡುಗಡೆ ಕೊಡುವುದು ಬೇರೆ. ಆ ಹುಡುಗರು ತಮ್ಮ ಪಾಲಿನ ಕಲ್ಲನ್ನು ಎತ್ತಲೇಬೇಕಿತ್ತು, ಎತ್ತಿದರು. ಸನ್ನಿವೇಶದ ಬಲವನ್ನು ಒಪ್ಪಿಕೊಂಡಾಗ ಹೊಣೆ ಮಾಯವಾಗುವುದಿಲ್ಲ, ಹಂಚಿಹೋಗುತ್ತದೆ. ದಾರಿಯಲ್ಲಿ ನಡೆದವನಿಗೆ ಒಂದು ಪಾಲು, ದಾರಿ ಹಾಕಿದವನಿಗೆ ಒಂದು ಪಾಲು. ಏರ್ಪಾಡನ್ನು ಬದಲಿಸುವ ಶಕ್ತಿ ಯಾರಿಗೆ ಹೆಚ್ಚಿದೆಯೋ ಅವರ ಪಾಲು ದೊಡ್ಡದು. ನಡತೆಯ ವಿಜ್ಞಾನವನ್ನು ಕೈಗೆತ್ತಿಕೊಳ್ಳುವ ಸರ್ಕಾರ ತನಗೆ ಅರಿವಿಲ್ಲದೆಯೇ ಒಂದು ಮಾತು ಕೊಟ್ಟಿರುತ್ತದೆ: ಇನ್ನು ಮೇಲೆ ಜನರ ತಪ್ಪಿಗೆ ಜನರನ್ನಷ್ಟೇ ದೂರುವುದಿಲ್ಲ ಎಂದು. ಆ ಮಾತನ್ನು ನೆನಪಿಸುವುದು ನಮ್ಮ ಕೆಲಸ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ನ್ಯಾಯವನ್ನು ಕುರಿತ 1971ರ ತನ್ನ ಗ್ರಂಥದಲ್ಲಿ ಎರಡು ಒರೆಗಲ್ಲುಗಳನ್ನು ಕೊಟ್ಟಿದ್ದಾನೆ. ಒಂದು, ನಿಯಮ ಬಹಿರಂಗವಾಗಿ ಹೇಳಿಕೊಳ್ಳುವಂಥದ್ದಾಗಿರಬೇಕು. ಗುಟ್ಟಾಗಿದ್ದರೆ ಮಾತ್ರ ಕೆಲಸ ಮಾಡುವ ತಿವಿತ ಈ ಒರೆಗೆ ನಿಲ್ಲುವುದಿಲ್ಲ. ಥೇಲರ್ ಮತ್ತು ಸನ್‌ಸ್ಟೀನ್ ಕೂಡ ಇದನ್ನು ಒಪ್ಪಿಕೊಂಡಿದ್ದಾರೆ. ಇನ್ನೊಂದು ಹೆಚ್ಚು ಪ್ರಸಿದ್ಧವಾದದ್ದು: ಸಮಾಜದಲ್ಲಿ ನಿಮ್ಮ ಸ್ಥಾನ ಯಾವುದಾಗುತ್ತದೆಂದು ನಿಮಗೇ ತಿಳಿಯದಂತೆ ಒಂದು ಪರದೆ ಕಟ್ಟಿಕೊಂಡು ಆಮೇಲೆ ನಿಯಮ ಬರೆಯಿರಿ. ತುಂಗಭದ್ರೆಯ ಸೀಮೆಯವರಿಗೆ ಇದನ್ನು ವಿವರಿಸಲು ಪರದೆ ಬೇಡ, ಕಾಲುವೆ ಸಾಕು. ನಿಮ್ಮ ಹೊಲ ತಲೆಯಲ್ಲಿದೆಯೋ ನಡುವೆಯೋ ಕೊನೆಯಲ್ಲೋ ಗೊತ್ತಿಲ್ಲ. ಈಗ ಹೇಳಿ, ತೂಬು ಯಾವಾಗ ಎತ್ತಬೇಕು, ಎಷ್ಟು ಹೊತ್ತು, ಬೀಗದ ಕೈ ಯಾರ ಹತ್ತಿರ?